ಶಿವಬಸವ್ವ ಬೆಕ್ಕು ತರಲು ಹೋದದ್ದು

ಇಳಕಲ್ಲಿನ ಆ ಓಣಿಯಲ್ಲಿ ಮಗ್ಗಗಳ ಸದ್ದು ನಿಲ್ಲುತ್ತಿದ್ದುದು ಊಟದ ಹೊತ್ತಿಗೆ ಮಾತ್ರ. ಹೆಣ್ಣುಮಕ್ಕಳ ಶಾಲೆಗೆ ಶಿಕ್ಷಕಿಯಾಗಿ ನಾನು ಅಲ್ಲಿಗೆ ಹೋದಾಗ ಬಾಡಿಗೆಗೆ ಹಿಡಿದದ್ದು ಶಿವಬಸವ್ವನ ಮನೆಯ ಮುಂದಿನ ಕೋಣೆಯನ್ನು. ಎಪ್ಪತ್ತರ ದಶಕದ ನಡುವಿನ ಮಾತು. ಶಿವಬಸವ್ವನಿಗೆ ಆಗ ಐವತ್ತು ದಾಟಿತ್ತು. ಗಂಡ ತೀರಿಕೊಂಡ ಮೇಲೆ ಮನೆಯ ಮಗ್ಗವನ್ನು ಮಾರಿ, ರಾಟಿಯೊಂದನ್ನು ಉಳಿಸಿಕೊಂಡಿದ್ದಳು. ಸಾವಕಾರರ ಅಂಗಡಿಯಿಂದ ಬರುವ ನೂಲಿನ ಲಡಿಗಳನ್ನು ರಾಟಿಗೆ ಏರಿಸಿ ಮಗ್ಗದ ಲಾಳಿಗೆ ಕಂಡಿಕೆ ಸುತ್ತಿ ಕೊಡುವುದು ಆಕೆಯ ಕೆಲಸ. ಆಕೆಯ ಕೈಯಲ್ಲಿ ಎಳೆ ಹರಿಯುತ್ತಿರಲಿಲ್ಲವೆಂದು ನೇಕಾರರು ಹೇಳುತ್ತಿದ್ದರು.

ಅದು ಶೀಲ ಹಿಡಿದ ಮನೆತನ. ಹೊರಗೆ ಎಲ್ಲಿಗೆ ಹೋದರೂ ಶಿವಬಸವ್ವ ತನ್ನ ತಂಬಿಗೆಯಲ್ಲಿ ತನ್ನ ಮನೆಯ ನೀರನ್ನೇ ಒಯ್ಯುತ್ತಿದ್ದಳು. ಬೇರೆಯವರ ಮನೆಯಲ್ಲಿ ಒಂದು ಚೂರು ಬೆಲ್ಲವನ್ನೂ ಬಾಯಿಗೆ ಹಾಕಿದವಳಲ್ಲ. ಮುಂಜಾನೆ ಸ್ನಾನ, ಲಿಂಗಪೂಜೆ, ಹಣೆಗೆ ಮೂರು ಬೆರಳಿನ ವಿಭೂತಿ. ಇಷ್ಟಾಗದೆ ಒಲೆಗೆ ಬೆಂಕಿ ಬೀಳುತ್ತಿರಲಿಲ್ಲ. ಆಕೆಯ ಮನೆಯಲ್ಲಿ ಇದೇ ನೇಮವನ್ನು ಪಾಲಿಸುವ ಇನ್ನೊಂದು ಜೀವವಿತ್ತು. ಅದರ ಹೆಸರು ಗಂಗಿ.

ಗಂಗಿ ಒಂದು ಬೆಕ್ಕು. ಮೈಯೆಲ್ಲ ಬಿಳಿ, ತಲೆ ಮಾತ್ರ ಇದ್ದಿಲಿನಂತೆ ಕಪ್ಪು. ಪೂಜೆ ಮುಗಿಸಿ ಎದ್ದ ಶಿವಬಸವ್ವ ಬೆರಳಿನಲ್ಲಿ ಉಳಿದ ವಿಭೂತಿಯನ್ನು ಒಂದು ದಿನ ಹುಡುಗಾಟಕ್ಕೆ ಅದರ ಕಪ್ಪು ಹಣೆಗೆ ಎಳೆದು, ಹಿಂದೆಯೇ ಹಾಲು ಹಾಕಿದ್ದಳಂತೆ. ಮರುದಿನವೂ ಹಾಗೆಯೇ ಮಾಡಿದಳು. ಬರಬರುತ್ತ ಗಂಗಿಗೆ ಅದು ರೂಢಿಯಾಯಿತು. ಪೂಜೆ ಮುಗಿಯುವ ಹೊತ್ತಿಗೆ ಬಂದು, ಮುಂಗಾಲು ಜೋಡಿಸಿ ಕುಳಿತು, ಕಣ್ಣು ಮುಚ್ಚಿ, ಹಣೆಯನ್ನು ಮೇಲಕ್ಕೆ ಎತ್ತಿ ಹಿಡಿಯುತ್ತಿತ್ತು. ವಿಭೂತಿ ಬಿದ್ದ ಮೇಲೆಯೇ ಹಾಲಿಗೆ ಬಾಯಿ ಹಚ್ಚುತ್ತಿತ್ತು. ಇದನ್ನು ನೋಡಲು ಓಣಿಯ ಮಕ್ಕಳು ಬರುತ್ತಿದ್ದರು. ಓಣಿಯವರು ಅದಕ್ಕೆ ‘ಶರಣಿ’ ಎಂದು ಅಡ್ಡಹೆಸರಿಟ್ಟಿದ್ದರು.

ಶಿವಬಸವ್ವನಿಗೆ ಇದರ ಹೆಮ್ಮೆ ಬಹಳ. “ನಮ್ಮ ಗಂಗಿ ಹಾಲು ರೊಟ್ಟಿ ಬಿಟ್ಟರ ಬ್ಯಾರೇದನ್ನ ಮೂಸಿ ನೋಡಂಗಿಲ್ರಿ ಅಕ್ಕೋರ” ಎಂದು ನನಗೂ ಹೇಳಿದ್ದಳು.

“ಮತ್ತೆ ಮನೆಯಲ್ಲಿ ಇಲಿ ಇಲ್ಲವಲ್ಲ?” ಎಂದು ನಾನು ಕೇಳಿದರೆ, “ಇದನ್ನ ನೋಡಿ ಅಂಜಿ ಹೋಗತಾವ್ರಿ” ಎಂದಳು. ನಾನು ಮುಂದೆ ಕೇಳಲಿಲ್ಲ. ಗಂಜಿ ಹಾಕಿದ ನೂಲಿರುವ ಮನೆಯಲ್ಲಿ ಇಲಿಗಳು ಬರಿಯ ಅಂಜಿಕೆಯಿಂದ ದೂರವಿರುತ್ತವೆಂದು ನಂಬುವುದು ಕಷ್ಟ. ಆದರೆ ಆಕೆ ಮನಸಾರೆ ನಂಬಿದ್ದಳು.

ಆ ವರ್ಷ ಶ್ರಾವಣದ ಒಂದು ಸೋಮವಾರ ಸಂಗಯ್ಯನವರನ್ನು ಪಾದಪೂಜೆಗೆ ಕರೆದಿದ್ದಳು. ಹುನಗುಂದದ ಕಡೆಯ ವೃದ್ಧ ಜಂಗಮರು, ಮೃದು ಮಾತಿನವರು. ಓಣಿಯ ಹೆಂಗಸರೆಲ್ಲ ಬಂದು ಪಡಸಾಲೆಯಲ್ಲಿ ಕುಳಿತಿದ್ದರು. ಅಯ್ಯನವರು ಮಣೆಯ ಮೇಲೆ ಕುಳಿತಿದ್ದರು. ಶಿವಬಸವ್ವ ಪಾದಕ್ಕೆ ನೀರು ಎರೆದು ಪತ್ರಿ ಏರಿಸುತ್ತಿದ್ದಳು. ಅಷ್ಟರಲ್ಲಿ ನೂಲಿನ ಕೋಣೆಯಿಂದ ಗಂಗಿ ಬಂತು. ಬಾಯಲ್ಲಿ ದೊಡ್ಡದೊಂದು ಇಲಿ. ಅರ್ಧ ತಿಂದದ್ದು. ಅದನ್ನು ನೇರವಾಗಿ ತಂದು ಅಯ್ಯನವರ ಪಾದದ ಪಕ್ಕದಲ್ಲಿ ಇಟ್ಟು, ಎಂದಿನಂತೆ ಕಣ್ಣು ಮುಚ್ಚಿ ಹಣೆ ಎತ್ತಿ ಕುಳಿತಿತು.

ಎದುರುಮನೆಯ ಗುರುಸಿದ್ದವ್ವನಿಗೆ ನಾಲಿಗೆ ತಡೆಯಲಾಗಲಿಲ್ಲ. “ಏನ ಶಿವಬಸವ್ವಾ, ನಿಮ್ಮ ಶರಣಿ ಅಯ್ಯನವರಿಗೆ ಪ್ರಸಾದ ತಂದಾಳಲ್ಲ” ಎಂದಳು. ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು.

ಸಂಗಯ್ಯನವರು ಕಾಲನ್ನು ತುಸು ಈಚೆಗೆ ಎಳೆದುಕೊಂಡು, “ಅದರ ಕಾಯಕ ಅದು ಮಾಡೇತಿ, ಬಿಡವಾ” ಎಂದರು. ಆದರೆ ಆ ಮಾತು ಶಿವಬಸವ್ವನ ಕಿವಿಗೆ ಬೀಳಲಿಲ್ಲ. ಕಿವಿಗೆ ಬಿದ್ದದ್ದು ನಗು ಮಾತ್ರ. ಆಕೆಯ ಮುಖ ಕಪ್ಪಿಟ್ಟಿತ್ತು. ಕೈಯಲ್ಲಿದ್ದ ಪತ್ರಿ ನೆಲಕ್ಕೆ ಬಿದ್ದಿತ್ತು.

ಆ ವಾರವೇ ನಾನು ಶಿಕ್ಷಕರ ತರಬೇತಿಗೆಂದು ಬಾಗಲಕೋಟೆಗೆ ಹೋದೆ. ತಿರುಗಿ ಬಂದಾಗ ಗಂಗಿ ಇರಲಿಲ್ಲ. ಕೇಳಿದರೆ, “ಸತ್ತತ್ರಿ ಅಕ್ಕೋರ. ಏನೋ ತಿಂದಿತ್ತು” ಎಂದು ಹೇಳಿ ಶಿವಬಸವ್ವ ರಾಟಿಯ ಕಡೆಗೆ ತಿರುಗಿದಳು. ನನಗೆ ಬಹಳ ಕೆಡುಕೆನಿಸಿತು. ಓಣಿಯವರಿಗೂ ಇದನ್ನೇ ಹೇಳಿದ್ದಳು. ಗುರುಸಿದ್ದವ್ವನೂ ಕೂಡ ಮೆತ್ತಗಾಗಿ, “ನಾ ಸುಮ್ಮ ಚೇಷ್ಟಿಗೆ ಅಂದಿನ್ರಿ, ಪಾಪ” ಎಂದಳು.

ಕಾರ್ತಿಕದಲ್ಲಿ ಸಂಗಯ್ಯನವರು ಮತ್ತೆ ಬಂದರು. ಮಣೆಯ ಮೇಲೆ ಕೂಡುತ್ತಲೇ ಅತ್ತ ಇತ್ತ ನೋಡಿ, “ನಿಮ್ಮ ವಿಭೂತಿ ಬೆಕ್ಕು ಎಲ್ಲೈತೆವಾ? ಊರೂರಿಗೆ ಅದರ ಸುದ್ದಿ ಹೇಳೇನಿ ನಾ” ಎಂದರು.

ಶಿವಬಸವ್ವ ತಲೆ ತಗ್ಗಿಸಿ, “ಸತ್ತುಹೋತ್ರಿ ಅಪ್ಪಾರ” ಎಂದಳು.

ಅಯ್ಯನವರು ಕಣ್ಣು ಮುಚ್ಚಿ, ಎದೆಯ ಮೇಲಿನ ಲಿಂಗದ ಕರಡಿಗೆಗೆ ಕೈಯಿಟ್ಟು ಕುಳಿತರು. “ಲಿಂಗದಾಗ ಕೂಡೇತಿ ಅಂತ ತಿಳಕೊ ತಾಯಿ. ದುಃಖ ಮಾಡಬ್ಯಾಡ” ಎಂದರು. ಅಂದು ಶಿವಬಸವ್ವ ಊಟ ಮಾಡಲಿಲ್ಲ. ಹೊಟ್ಟೆ ಸರಿಯಿಲ್ಲವೆಂದಳು. ಸತ್ತ ಬೆಕ್ಕಿನ ದುಃಖವೆಂದೇ ನಾನು ತಿಳಿದೆ.

ಬೆಕ್ಕಿಲ್ಲದ ಮನೆಗೆ ಇಲಿಗಳು ನೆಂಟರಂತೆ ಬಂದವು. ನೂಲಿನ ಲಡಿಗಳಲ್ಲಿ ತೂತು ಬೀಳತೊಡಗಿತು. ಸಾವಕಾರರ ಗುಮಾಸ್ತ ಬಂದು, ಕಡಿದ ಲಡಿಯನ್ನು ಬೆಳಕಿಗೆ ಹಿಡಿದು ನೋಡಿ, “ಅವ್ವಾರ, ಇನ್ನೊಮ್ಮೆ ಹಿಂಗಾದ್ರ ಸಾವಕಾರ್ರು ನೂಲು ಬ್ಯಾರೆ ಮನಿಗೆ ಕಳಸ್ತಾರ. ನನ್ನ ಮ್ಯಾಲ ಸಿಟ್ಟಾಗಬ್ಯಾಡ್ರಿ. ಒಂದು ಬೆಕ್ಕು ಸಾಕರಿ” ಎಂದ.

“ಎಲ್ಲಿಂದ ತರಲೋ ತಮ್ಮಾ?”

“ಕುಳಗೇರಿ ಕ್ರಾಸಿನ್ಯಾಗ ಪಂಕ್ಚರ್ ತೆಗೆಯೋ ಹುಸೇನಸಾಬ ಅದಾನಲ್ರಿ, ಆತನ ಹೇಣ್ತಿ ಅಬೇದಾ ಮಂದಿ ಬಿಟ್ಟ ಬೆಕ್ಕು ಸಾಕತಾಳ. ಗೋದಾಮಿನವ್ರು, ಗುಳೇದಗುಡ್ಡದ ನೇಕಾರ್ರು, ಎಲ್ಲಾರೂ ಅಲ್ಲಿಂದ ಒಯ್ತಾರ. ಆರಿಸಿಕೊಂಡು ಬರಬಹುದು.”

ಓಣಿಯಲ್ಲಿ ಕೇಳಿದ್ದರೆ ಒಂದು ಮರಿ ಸಿಗದೆ ಇರುತ್ತಿರಲಿಲ್ಲ. ಆದರೆ ಓಣಿಯಲ್ಲಿ ಬೆಕ್ಕಿನ ಮಾತೆತ್ತಲು ಆಕೆಗೆ ಮನಸ್ಸಿರಲಿಲ್ಲ. ಒಬ್ಬಳೇ ಬಸ್ಸಿನಲ್ಲಿ ದೂರ ಹೋದವಳೂ ಅಲ್ಲ. ಹೀಗಾಗಿ ಒಂದು ರವಿವಾರ ನಾನೂ ಜೊತೆಗೆ ಹೊರಟೆ. ಆಕೆಯ ಕೈಯಲ್ಲಿ ನೀರಿನ ತಂಬಿಗೆ, ಬೆಕ್ಕಿಗಾಗಿ ಒಂದು ಬಿದಿರಿನ ಬುಟ್ಟಿ, ಬುಟ್ಟಿಗೆ ಮುಚ್ಚಲು ಒಂದು ಗೋಣಿಚೀಲ. ಬಾದಾಮಿಯಲ್ಲಿ ಬಸ್ಸು ಬದಲಿಸಿದೆವು.

ಕುಳಗೇರಿ ಕ್ರಾಸೆಂದರೆ ಆಗ ಕೆಲವು ಚಹದಂಗಡಿ, ಕಿರಾಣಿ ಅಂಗಡಿ, ನಿಂತ ಲಾರಿಗಳ ಸಾಲು. ಹುಸೇನಸಾಬನ ಅಂಗಡಿಯ ಹಿಂದೆ ತಗಡಿನ ಚಪ್ಪರ, ಅದರ ಸುತ್ತ ಹಳೆಯ ಟಾಯರುಗಳ ರಾಶಿ. ಆ ಟಾಯರುಗಳ ಒಳಗೆ, ಮೇಲೆ, ನಡುವೆ, ಎಲ್ಲೆಲ್ಲಿಯೂ ಬೆಕ್ಕುಗಳು. ಹಳದಿಯವು, ಬೂದು ಬಣ್ಣದವು, ಕಿವಿ ಹರಿದವು, ಕುಂಟುವವು. ಅಬೇದಾ ನಡುವಯಸ್ಸಿನ ತೆಳ್ಳಗಿನ ಹೆಣ್ಣುಮಗಳು. ಚಹದಂಗಡಿಗಳಿಂದ ತಂದ ಹಾಲಿನ ತಳವನ್ನು ಒಡೆದ ತೆಂಗಿನ ಪರಟೆಗಳಲ್ಲಿ ಸುರಿಯುತ್ತಿದ್ದಳು.

“ಬರ್ರಿ ಅವ್ವಾರ, ಬರ್ರಿ ಬಾಯಾರ” ಎಂದು ನಮಗೊಂದು ಚಾಪೆ ಹಾಸಿದಳು. ಚಹ ತರಲು ಹೊರಟವಳಿಗೆ ನಾನು, ಆಕೆ ಹೊರಗೆ ಏನೂ ತೆಗೆದುಕೊಳ್ಳುವುದಿಲ್ಲವೆಂದು ಮೆಲ್ಲಗೆ ಹೇಳಿದೆ. ಅಬೇದಾ ತಂಬಿಗೆಯನ್ನೂ ಹಣೆಯ ವಿಭೂತಿಯನ್ನೂ ನೋಡಿ, “ಹೌದಲ್ರಿ” ಎಂದು ನನಗೊಬ್ಬಳಿಗೇ ಚಹ ತಂದಳು. ಅದರಲ್ಲಿ ಮುನಿಸೇನೂ ಕಾಣಲಿಲ್ಲ.

“ಎಂಥಾದು ಬೇಕ್ರಿ ಅವ್ವಾರ?”

ಶಿವಬಸವ್ವ ಸಂಕೋಚದಿಂದ, “ನೂಲಿನ ಮನಿ, ಇಲಿ ಹಿಡೀಬೇಕು ತಂಗಿ. ಆದರ... ಮನಿಯೊಳಗ ತಿನ್ನಬಾರದು. ಹೊರಗ ಒಯ್ದು ತಿನ್ನೂವಂಥಾದು ಐತೇನು?” ಎಂದಳು.

ಅಬೇದಾ ಪರಟೆಯನ್ನು ಕೆಳಗಿಟ್ಟಳು. “ಅವ್ವಾರ, ಬೆಕ್ಕಿಗೆ ಪಡಸಾಲಿ ಯಾವುದು, ಹಿತ್ತಲ ಯಾವುದು ಅನ್ನೋದನ್ನ ನಾ ಕಲಿಸಿಲ್ರಿ. ನೀವ ಕಲಿಸಿಕೋರಿ” ಎಂದು ನಕ್ಕಳು. ಅಂಗಡಿಯ ಮುಂದಿನಿಂದ ಹುಸೇನಸಾಬನೂ ನಕ್ಕದ್ದು ಕೇಳಿಸಿತು. ಶಿವಬಸವ್ವನೂ ನಕ್ಕಳು. ಬಹಳ ದಿನಗಳ ಮೇಲೆ ಆಕೆ ನಕ್ಕದ್ದನ್ನು ನಾನು ಕಂಡೆ.

“ಇನ್ನೊಂದು ಮಾತೈತ್ರಿ” ಎಂದಳು ಅಬೇದಾ. “ಬೆಕ್ಕಿಗೆ ನಾ ಏನೂ ತಗೊಳ್ಳಂಗಿಲ್ಲ. ಕೇಳಿದವ್ರಿಗೆ ಇಲ್ಲ ಅನ್ನಂಗಿಲ್ಲ. ಆದರ ಬೆಕ್ಕು ತಂದು ಬಿಟ್ಟವ್ರ ಕೈಯಾಗ ಅದೇ ಬೆಕ್ಕು ಮತ್ತ ಕೊಡಂಗಿಲ್ಲ. ಒಬ್ಬ ಕಾಳಿನ ವ್ಯಾಪಾರಿ ಬಿಟ್ಟು ಹೋಗಿದ್ದ. ಆಮ್ಯಾಲ ಬಂದು, ತಪ್ಪಾತವಾ ಅಂತ ಒಯ್ದ. ಮುಂದ ಮತ್ತ ತಂದು ಬಿಟ್ಟ. ಎರಡನೇ ಸಲ ಅದು ಚಪ್ಪರದಾಗ ಬರಲೇ ಇಲ್ರಿ. ರಸ್ತಾದ ಮ್ಯಾಲ ಕುಂತು ಬರೋ ಲಾರಿ ನೋಡಕೋತ ಇತ್ತು. ಗಾಲಿ ಬಡದು ಸತ್ತತು. ಅಂದಿನಿಂದ ನಾ ಇದೊಂದು ನೇಮ ಹಿಡಿದೇನಿ.”

“ನಿಮ್ಮನ್ಯಾಗ ಮೊದಲ ಬೆಕ್ಕಿತ್ತೇನ್ರಿ?” ಎಂದೂ ಕೇಳಿದಳು.

ಶಿವಬಸವ್ವ, “ಇತ್ತು. ಸತ್ತತು” ಎಂದಳು. ನನ್ನ ಕಡೆಗೆ ನೋಡಲಿಲ್ಲ.

ಆರಿಸುವುದು ಶುರುವಾಯಿತು. ಹಳದಿಯ ಗಂಡುಬೆಕ್ಕು ಬಹಳ ದೊಡ್ಡದೆನಿಸಿತು. ಬೂದು ಮರಿ ತೀರ ಸಣ್ಣದೆನಿಸಿತು. ಬಾಲ ಮೊಂಡಾದ ಒಂದು ಹೆಣ್ಣುಬೆಕ್ಕು ಶಿವಬಸವ್ವನ ಬುಟ್ಟಿಯನ್ನು ಮೂಸಿ, ತಾನಾಗಿಯೇ ಒಳಗಿಳಿದು ಕುಳಿತಿತು. “ಇದು ನಿಮ್ಮನ್ನ ಆರಿಸೇತಿ ನೋಡ್ರಿ” ಎಂದು ಅಬೇದಾ ಹೇಳುತ್ತಿರುವಾಗಲೇ ಟಾಯರಿನ ರಾಶಿಯ ಹಿಂದಿನಿಂದ ಇನ್ನೊಂದು ಬೆಕ್ಕು ಬಂತು.

ಮೈಯೆಲ್ಲ ಬಿಳಿ, ತಲೆ ಮಾತ್ರ ಕಪ್ಪು. ಹಣೆಯ ಮೇಲೆ ಬೂದಿಯ ಗೆರೆ.

ಅದು ನಿಧಾನವಾಗಿ ನಡೆದು ಬಂದು ಶಿವಬಸವ್ವನ ಕಾಲ ಮುಂದೆ ಮುಂಗಾಲು ಜೋಡಿಸಿ ಕುಳಿತಿತು. ಕಣ್ಣು ಮುಚ್ಚಿತು. ಹಣೆ ಎತ್ತಿ ಹಿಡಿಯಿತು.

ನಾನು ಚಹದ ಬಸಿಯನ್ನು ಕೆಳಗಿಟ್ಟೆ. ಶಿವಬಸವ್ವನ ಬಲಗೈ ತನ್ನಷ್ಟಕ್ಕೆ ತಾನೇ ಸೊಂಟದ ಸಂಚಿಯ ಕಡೆಗೆ ಹೋಯಿತು. ಅಲ್ಲಿಯೇ ವಿಭೂತಿಯ ಗಟ್ಟಿಯನ್ನು ಆಕೆ ಇಡುತ್ತಿದ್ದುದು. ಕೈ ನಡುವೆಯೇ ನಿಂತಿತು.

“ಇದು... ಇದು ಎಲ್ಲಿಂದು ತಂಗಿ?”

“ಕಲ್ಲಿನ ಲಾರಿಯವ ಒಬ್ಬಾತ ಚೀಲದಾಗಿಂದ ಸುರುವಿ ಹೋದ್ನರಿ, ಶ್ರಾವಣದಾಗ. ಭಾಳ ದಿನ ಏನೂ ಮುಟ್ಟಲಿಲ್ಲ. ಹಾಲು ಇಟ್ಟರ ಹಾಲಿನ ಮುಂದ ಕುಂತು ಹಿಂಗ ಹಣಿ ಎತ್ತತಿತ್ತು. ಏನು ಬೇಡತೈತಿ ಅಂತ ನನಗ ತಿಳೀವಲ್ದು. ಸಾಯತೈತಿ ಅಂತ ಬಿಟ್ಟಿದ್ದೆ. ಒಂದಿನ ಒಲಿ ಬೂದಿ ತೆಗಿಯಾಕತ್ತಿದ್ದೆ. ಬೂದಿ ಕೈಯಾಗ ಇತ್ತು. ಬಂದು ಕೈಗೆ ಹಣಿ ತಿಕ್ಕಿತು ನೋಡ್ರಿ. ಹಚ್ಚಿದೆ. ಹಚ್ಚಿದ ಕೂಡಲೇ ಹಾಲು ಕುಡೀತು. ಅಂದಿನಿಂದ ದಿನಾ ಹಚ್ಚತೇನಿ.”

ಹುಸೇನಸಾಬ ಅಲ್ಲಿಂದಲೇ ಕೂಗಿ ಹೇಳಿದ: “ಅಬೇದಾ ಬೆಕ್ಕಿಗೆ ದೀಕ್ಷಾ ಕೊಟ್ಟಾಳ ಅಂತ ಲಾರಿಯವ್ರು ನಗತಾರ್ರಿ.”

“ನಗಲಿ ಬಿಡ್ರಿ” ಎಂದಳು ಅಬೇದಾ. ಆಮೇಲೆ ಶಿವಬಸವ್ವನ ಮುಖ ನೋಡಿದಳು. ಅಬೇದಾಳ ಮುಖದಲ್ಲಿ ಸಂತೋಷ ಮೂಡಿತು. “ಅವ್ವಾರ, ಇದು ನನ್ನ ಬಿಟ್ಟು ಯಾರ ಮುಂದೂ ಹಿಂಗ ಕುಂತಿಲ್ರಿ. ನಿಮ್ಮ ಹಣಿ ಮ್ಯಾಲಿನ ವಿಭೂತಿ ನೋಡಿ ಬಂದೈತಿ. ಆ ಮೊಂಡಬಾಲದ್ದು ಬ್ಯಾಡ. ಇದನ್ನ ಒಯ್ಯರಿ. ಇಲಿ ಹಿಡಿಯೂದ್ರಾಗ ಇದರಂಥಾದು ಇಲ್ಲ. ನಾ ಹಚ್ಚೂದು ಒಲಿ ಬೂದಿ. ನಿಮ್ಮನ್ಯಾಗ ಇದಕ್ಕ ಖರೆ ವಿಭೂತಿ ಸಿಗತೈತಿ. ಬಿಟ್ಟವ್ರು ಎಂಥಾ ಮಂದಿನೋ, ನಿಮ್ಮಂಥಾವ್ರ ಕೈಯಾಗ ಹೋದ್ರ ನನಗೂ ಸಮಾಧಾನ.”

ಶಿವಬಸವ್ವ ಸುಮ್ಮನಿದ್ದರೆ ಸಾಕಿತ್ತು, ಗಂಗಿ ಮನೆಗೆ ಬರುತ್ತಿತ್ತು. ನೂಲು ಉಳಿಯುತ್ತಿತ್ತು. ಬಾಯಿ ಬಿಟ್ಟು ನಿಜ ಹೇಳಿದರೆ ಗಂಗಿ ಆಕೆಗೆ ಎಂದೆಂದಿಗೂ ಇಲ್ಲ. ನಾನೊಬ್ಬಳು ಗುರುತು ಹಿಡಿದಿದ್ದೇನೆಂದು ಆಕೆಗೆ ಗೊತ್ತಿತ್ತು. ನಾನು ಆಡುವುದಿಲ್ಲವೆಂದೂ ಗೊತ್ತಿತ್ತು.

ಅಬೇದಾ ಮೊಂಡಬಾಲದ ಬೆಕ್ಕನ್ನು ಎತ್ತಿ ಹೊರಗಿಟ್ಟು, ಗಂಗಿಯನ್ನು ಬುಟ್ಟಿಯಲ್ಲಿ ಕೂಡಿಸಿದಳು. ಗಂಗಿ ಸುಮ್ಮನೆ ಕುಳಿತಿತು. ಶಿವಬಸವ್ವ ಮುಚ್ಚಲೆಂದು ಗೋಣಿಚೀಲವನ್ನು ಬಿಡಿಸಿದಳು. ಚೀಲದ ವಾಸನೆ ಮೂಗಿಗೆ ಬಿದ್ದದ್ದೇ ತಡ, ಗಂಗಿ ಬುಟ್ಟಿಯ ತಳಕ್ಕೆ ಒತ್ತಿಕೊಂಡು ಮಲಗಿಬಿಟ್ಟಿತು. ಕೂಗಲಿಲ್ಲ, ಪರಚಲಿಲ್ಲ. ಮೈ ಮಾತ್ರ ಗಡಗಡ ನಡುಗುತ್ತಿತ್ತು. ಬುಟ್ಟಿಯ ಸಂದಿನಿಂದ ಉಚ್ಚೆ ಹರಿದು ಮಣ್ಣಿಗೆ ಇಳಿಯಿತು.

ಶಿವಬಸವ್ವನ ಕೈಯಿಂದ ಚೀಲ ಜಾರಿತು.

“ಬ್ಯಾಡ ತಂಗಿ. ತೆಗಿ ಇದನ್ನ” ಎಂದಳು. “ಇದನ್ನ ಬಿಟ್ಟಂಥಾಕಿ ನಾನ.”

ಅಬೇದಾಳಿಗೆ ಕೂಡಲೇ ಅರ್ಥವಾಗಲಿಲ್ಲ.

“ನಾನ ಚೀಲದಾಗ ಕಟ್ಟಿ ಕೊಟ್ಟೆ. ನಮ್ಮ ಓಣಿ ದೇವಪ್ಪನ ಲಾರಿಗೆ. ದೂರ ಎಲ್ಲೆರ ಬಿಟ್ಟು ಬಾ ಅಂದೆ. ಎಲ್ಲಿ ಬಿಟ್ಟಿ ಅಂತ ಕೇಳಲಿಲ್ಲ. ಕೇಳಿದ್ರ ಹೋಗಿ ತರಬೇಕಾದೀತು ಅಂತ ಕೇಳಲಿಲ್ಲ. ಮಂದಿ ನಕ್ಕರು ಅಂತ ಬಿಟ್ಟೆ ತಂಗಿ. ಸತ್ತೈತಿ ಅಂತ ಅಯ್ಯನವ್ರ ಮುಂದನೂ ಸುಳ್ಳು ಹೇಳಿದೆ.” ಇಷ್ಟು ಹೇಳಿ ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು.

ಅಬೇದಾ ಬಗ್ಗಿ ಗಂಗಿಯನ್ನು ಎತ್ತಿ ತನ್ನ ಎದೆಗೆ ಹಿಡಿದಳು. ಅದರ ಒದ್ದೆ ಕಾಲುಗಳನ್ನು ಸೀರೆಯ ಅಂಚಿನಿಂದ ಒರೆಸಿದಳು. ಬೈದಿದ್ದರೆ ಶಿವಬಸವ್ವನಿಗೆ ಹಗುರವಾಗುತ್ತಿತ್ತೋ ಏನೋ. ಅವಳು ಬೈಯಲಿಲ್ಲ.

“ಹಂಗಾರ ಇದನ್ನ ಕೊಡಾಕ ಬರಂಗಿಲ್ರಿ ಅವ್ವಾರ” ಎಂದಳು ಕೊನೆಗೆ.

“ಕೊಡಬ್ಯಾಡ ತಂಗಿ.”

ಶಿವಬಸವ್ವ ಸಂಚಿ ಬಿಚ್ಚಿ ವಿಭೂತಿಯ ಗಟ್ಟಿಯನ್ನು ತೆಗೆದಳು. “ಒಮ್ಮೆ ಹಚ್ಚಲೇನು?” ಎಂದು ಕೇಳಿ ಕೈ ಚಾಚಿದಳು. ಗಂಗಿ ಅಬೇದಾಳ ಕುತ್ತಿಗೆಯಲ್ಲಿ ಮುಖ ಹುದುಗಿಸಿತು. ಚಾಚಿದ ಕೈಯನ್ನು ಏನು ಮಾಡಬೇಕೆಂದು ಶಿವಬಸವ್ವನಿಗೆ ತಿಳಿಯಲಿಲ್ಲ.

“ಇಟ್ಟು ಹೋಗ್ರಿ” ಎಂದಳು ಅಬೇದಾ. “ನಾಳಿ ಮುಂಜಾನೆ ನಾ ಹಚ್ಚತೇನಿ.”

ವಿಭೂತಿಯ ಗಟ್ಟಿಯನ್ನು ಚಾಪೆಯ ಮೇಲಿಟ್ಟು ಶಿವಬಸವ್ವ ಎದ್ದಳು. ಬುಟ್ಟಿಯನ್ನು ಮರೆತು ರಸ್ತೆಯ ಕಡೆಗೆ ನಡೆದಿದ್ದಳು. ಅಬೇದಾ ಹಿಂದಿನಿಂದ ಕರೆದಳು. “ಅವ್ವಾರ, ನಿಮ್ಮ ನೂಲು ಇಲಿ ಕಡೀವಲ್ದೇನು? ಈ ಮೊಂಡಬಾಲದ್ದು ಒಯ್ಯರಿ. ಇದನ್ನ ನೀವು ಬಿಟ್ಟಿಲ್ಲಲ್ಲ.” ಬುಟ್ಟಿಯನ್ನು ತೊಳೆದು, ಗೋಣಿಚೀಲವನ್ನು ಬದಿಗೆ ಒಗೆದು, ತನ್ನ ಹಳೆಯ ಸೀರೆಯ ತುಂಡೊಂದನ್ನು ಮುಚ್ಚಿ ನನ್ನ ಕೈಗೆ ಕೊಟ್ಟಳು. ಶಿವಬಸವ್ವ ಕೈ ಮುಗಿದಳು.

ಬಸ್ಸು ಹುನಗುಂದ ದಾಟಿದ ಮೇಲೆ ಆಕೆ, “ಅಕ್ಕೋರ, ನೀವು ಯಾರಿಗೂ ಹೇಳಂಗಿಲ್ಲ ಅಂತ ಗೊತ್ತೈತ್ರಿ ನನಗ” ಎಂದಳು. ನಾನು ಇಲ್ಲವೆಂದು ತಲೆಯಾಡಿಸಿದೆ. “ಅದಕ್ಕ ನಾನ ಹೇಳಬೇಕಾಗತೈತಿ” ಎಂದಳು.

ಹೇಳಿದಳು. ಸಂಗಯ್ಯನವರು ಮುಂದಿನ ಸಲ ಬಂದ ದಿನ, ಹೆಂಗಸರೆಲ್ಲ ಕುಳಿತಿರುವಾಗ, ಪಾದಕ್ಕೆ ನೀರು ಎರೆಯುವ ಮೊದಲು ಹೇಳಿದಳು. ಗುರುಸಿದ್ದವ್ವ ಕೂಡ ಅಂದು ನಗಲಿಲ್ಲ. ನೆಲ ನೋಡುತ್ತ ಕುಳಿತಿದ್ದಳು. ಸಂಗಯ್ಯನವರ ಮುಖ ಬಾಡಿತು. ಆಗದ ಸಾವಿಗೆ ತಾವು ಕಣ್ಣು ಮುಚ್ಚಿ ಕುಳಿತದ್ದು ಅವರಿಗೆ ನೆನಪಾಗಿರಬೇಕು.

“ಅಲ್ಲಿ ಅದಕ್ಕ ಬೂದಿ ಯಾರು ಹಚ್ಚತಾರವಾ?” ಎಂದು ಕೇಳಿದರು.

“ಅಬೇದಾ ಅಂತರಿ. ಹುಸೇನಸಾಬ ಅನ್ನಾವನ ಹೇಣ್ತಿ.”

“ಆಕೀಗೆ ನನ್ನ ಶರಣು ಮುಟ್ಟಿಸು” ಎಂದರು. ಶಿವಬಸವ್ವನಿಗೆ ಬೇರೆ ಏನನ್ನೂ ಹೇಳಲಿಲ್ಲ. ಆಕೆ ಬೇರೆ ಏನನ್ನೂ ನಿರೀಕ್ಷಿಸಿರಲಿಲ್ಲ.

ಶರಣು ಮುಟ್ಟಿತು, ದೇವಪ್ಪನ ಕೈಯಲ್ಲಿ. ಅದರೊಂದಿಗೆ ಒಂದು ವಿಭೂತಿ ಗಟ್ಟಿಯೂ ಹೋಯಿತು. ಆಮೇಲೆ ಆತನ ಲಾರಿ ಆ ಕಡೆಗೆ ಹೊರಟಾಗಲೆಲ್ಲ ಶಿವಬಸವ್ವ ಓಣಿಯ ತುದಿಯವರೆಗೆ ಹೋಗಿ, ಅರಿವೆಯಲ್ಲಿ ಕಟ್ಟಿದ ಗಟ್ಟಿಯನ್ನು ಕೊಟ್ಟು ಬರುತ್ತಿದ್ದಳು. ತಾನು ಮಾತ್ರ ಕುಳಗೇರಿ ಕ್ರಾಸಿಗೆ ಮತ್ತೆ ಹೋಗಲಿಲ್ಲ. ಶೀಲವನ್ನು ಬಿಡಲಿಲ್ಲ, ತಂಬಿಗೆಯ ನೀರು ಕೊನೆಯವರೆಗೂ ಆಕೆಯ ಜೊತೆಗೇ ಇತ್ತು. ಆದರೆ ಅದನ್ನು ಯಾರಾದರೂ ಹೊಗಳಿದರೆ ಎದ್ದು ಒಳಗೆ ಹೋಗುತ್ತಿದ್ದಳು.

ಎಂಬತ್ತರ ದಶಕದ ಆರಂಭದಲ್ಲಿ ನನಗೆ ಬಾದಾಮಿಗೆ ವರ್ಗವಾಯಿತು. ಅಲ್ಲಿಯವರೆಗೂ ಮೊಂಡಬಾಲದ ಬೆಕ್ಕು ಆ ಮನೆಯಲ್ಲಿಯೇ ಇತ್ತು. ಇಲಿ ಹಿಡಿದು ಪಡಸಾಲೆಯ ನಡುವೆಯೇ ಕುಳಿತು ತಿನ್ನುತ್ತಿತ್ತು. ಶಿವಬಸವ್ವ ಅದು ತಿಂದು ಮುಗಿಸುವವರೆಗೆ ಕಾದು, ಸೆಗಣಿಯಿಂದ ನೆಲ ಸಾರಿಸುತ್ತಿದ್ದಳು. ಓಣಿಯವರು ನೋಡಿದರೆ ನೋಡಲೆಂದು ಬಾಗಿಲನ್ನು ಹಾಕುತ್ತಿರಲಿಲ್ಲ.

ಊರು ಬಿಡುವ ದಿನ ಮುಂಜಾನೆ ಪೂಜೆ ಮುಗಿಸಿ ಎದ್ದವಳ ಬೆರಳಿನಲ್ಲಿ ವಿಭೂತಿ ಉಳಿದಿತ್ತು. ಬೆಕ್ಕು ಕಾಲ ಬಳಿಯಲ್ಲಿಯೇ ಸುಳಿಯುತ್ತಿತ್ತು. “ಇದರ ಹಣೆಗೂ ಒಮ್ಮೆ ಹಚ್ಚಬಾರದೆ?” ಎಂದು ನಾನು ಕೇಳಿದೆ.

ಶಿವಬಸವ್ವ ಬೆರಳನ್ನು ಸೆರಗಿಗೆ ಒರೆಸಿಕೊಂಡಳು. “ಬ್ಯಾಡ್ರಿ ಅಕ್ಕೋರ” ಎಂದಳು. “ರೂಢಿ ಆತಂದ್ರ ಇವು ಮರಿಯಂಗಿಲ್ಲ.”

ಬಟ್ಟಲಿಗೆ ಹಾಲು ಸುರಿದಳು. ಬೆಕ್ಕು ಏನನ್ನೂ ಕಾಯದೆ ಕುಡಿಯತೊಡಗಿತು.